ದಂಡಿನ ದಾರಿ: ಎತ್ತಿನಿಂದ ಹೊಗೆಬಂಡಿಗೆ

ಯುದ್ಧಗಳ ಚರಿತ್ರೆಯನ್ನು ಬರೆಯುವವರು ಕತ್ತಿಯ ಮಾತನ್ನು ವಿಸ್ತಾರವಾಗಿ ಹೇಳಿ, ಕಾಳಿನ ಮಾತನ್ನು ಎರಡು ಪಂಕ್ತಿಗಳಲ್ಲಿ ಮುಗಿಸುವುದುಂಟು. ಆದರೆ ಕಾಳು ಮುಟ್ಟದ ಕಡೆಗೆ ಕತ್ತಿಯೂ ಮುಟ್ಟಲಾರದೆಂಬುದಕ್ಕೆ ನಮ್ಮ ಹೊನ್ನಾಳಿ, ಚನ್ನಗಿರಿ ಸೀಮೆಯೇ ಸಾಕ್ಷಿಯಾಗಿದೆ.

ಚನ್ನಗಿರಿಯಲ್ಲಿ ಹುಟ್ಟಿದ ಧೋಂಡಿಯ ವಾಘನನ್ನು ಬೆನ್ನಟ್ಟಿ ಕರ್ನಲ್ ಆರ್ಥರ್ ವೆಲ್ಲೆಸ್ಲಿಯು 1800ನೆಯ ಇಸವಿಯ ಜೂನ್ ತಿಂಗಳಲ್ಲಿ ಹರಿಹರದ ಬಳಿ ತುಂಗಭದ್ರೆಯನ್ನು ದಾಟಿದನು. ಅವನ ತೋಪುಗಳನ್ನು ಎತ್ತುಗಳು ಎಳೆದವು. ಧಾನ್ಯವನ್ನು ಲಂಬಾಣಿಗಳ ಹೇರೆತ್ತುಗಳು ಹೊತ್ತವು. ಎತ್ತು ಬಳಲಿದರೆ ದಂಡು ನಿಲ್ಲಬೇಕು; ಹೊಳೆ ತುಂಬಿದರೆ ಕಾಯಬೇಕು. ಮೈಸೂರಿನ ದೊರೆಗಳು ಅಮೃತಮಹಲಿನ ತಳಿಯನ್ನು ಜತನದಿಂದ ಕಾಪಾಡಿದುದಕ್ಕೆ ಇದೇ ಕಾರಣವು.

1889ರ ಹೊತ್ತಿಗೆ ಬೆಂಗಳೂರಿನ ಹೊಗೆಬಂಡಿ ಹರಿಹರವನ್ನು ಮುಟ್ಟಿತು. 1899ರಲ್ಲಿ ಬೀರೂರಿನಿಂದ ಶಿವಮೊಗ್ಗೆಗೆ ಕವಲು ಬಂದಿತು. ಹೊನ್ನಾಳಿಯು ಇವೆರಡರ ನಡುವೆ ರೈಲಿಲ್ಲದೆಯೇ ಉಳಿಯಿತು. ಇದಲ್ಲದೆ ಮದರಾಸಿನ ಹಾದಿ ಅಗಲ ಹಳಿಯದು, ನಮ್ಮದು ಮೀಟರು ಹಳಿಯದು. ಇವು ಕೂಡುವಲ್ಲಿ ಪ್ರತಿಯೊಂದು ಚೀಲವನ್ನೂ ಕುದುರೆಯನ್ನೂ ಇಳಿಸಿ ಮತ್ತೆ ಏರಿಸಬೇಕಾಗಿತ್ತು. ಶಾಂತಿಯ ಕಾಲದಲ್ಲಿ ಅದು ಕೂಲಿಯ ಖರ್ಚು. ಯುದ್ಧಕಾಲದಲ್ಲಿ ಹೊತ್ತಿನ ನಷ್ಟ.

1914ರ ಅಕ್ಟೋಬರಿನಲ್ಲಿ ಬಿ. ಚಾಮರಾಜ ಅರಸರ ನಾಯಕತ್ವದಲ್ಲಿ ಮೈಸೂರು ಲ್ಯಾನ್ಸರ್ಸ್ ದಳವು ಐನೂರಕ್ಕೂ ಹೆಚ್ಚು ಕುದುರೆಗಳೊಡನೆ ಬೆಂಗಳೂರನ್ನು ಬಿಟ್ಟು ಈಜಿಪ್ಟಿಗೆ ಹೋಯಿತು. ಅಲ್ಲಿ ಸೂಯೆಜ್ ಕಾಲುವೆಯ ದಡದ ಕಂತಾರದಿಂದ ಸಿನಾಯ್ ಮರುಭೂಮಿಯ ಮೇಲೆ ಹಳಿಗಳನ್ನು ಹಾಸುತ್ತ ಸೈನ್ಯವು ಮುಂದೆ ಸಾಗಿತು. ಅವನ್ನು ಹಾಸುವಲ್ಲಿ ಸಹಸ್ರಾರು ಮಂದಿ ಈಜಿಪ್ಟಿನ ಕೂಲಿಗಳು ದುಡಿದರು. 1918ರ ಸೆಪ್ಟೆಂಬರ್ 23ರಂದು ಮೈಸೂರು, ಜೋಧಪುರಗಳ ಸವಾರರು ಹೈಫಾ ಪಟ್ಟಣವನ್ನು ಗೆದ್ದರು. ಹೈಫಾ ಬಂದರೂ ಹೌದು, ರೈಲುದಾರಿಯ ಕೊನೆಯೂ ಹೌದು. ಆದುದರಿಂದಲೇ ಅದಕ್ಕೆ ಅಷ್ಟು ಬೆಲೆ. ಈಟಿಯ ವಿಜಯದ ಹಿಂದೆ ಹಳಿಯ ದುಡಿಮೆಯಿದ್ದಿತು.

ಎರಡನೆಯ ಮಹಾಯುದ್ಧದಲ್ಲಿ ಈ ದೇಶದ ಮೀಟರು ಹಳಿಯ ಎಂಜಿನುಗಳನ್ನೂ ವ್ಯಾಗನುಗಳನ್ನೂ ಪಶ್ಚಿಮ ಏಷ್ಯಕ್ಕೆ ಸಾಗಿಸಿದರು. ಕೆಲವು ಕವಲುಹಾದಿಗಳ ಹಳಿಗಳನ್ನೇ ಕಿತ್ತರು. ಉಳಿದ ಬಂಡಿಗಳಲ್ಲಿಯೂ ದಂಡಿಗೆ ಮೊದಲ ಸ್ಥಾನ. ಸೈನಿಕನು ಏರಿದ ವ್ಯಾಗನಿನಲ್ಲಿ ರೈತನ ಭತ್ತಕ್ಕೆ ಎಡೆಯಿರಲಿಲ್ಲ.

ಹೈಫಾದ ವೀರರಿಗೆ ದಿಲ್ಲಿಯಲ್ಲಿ ಮೂರು ಪ್ರತಿಮೆಗಳ ಸ್ಮಾರಕವಿದೆ, ಅದು ಯುಕ್ತವೇ. ಅದನ್ನು ಕಂಡ ವಾಚಕರು, ಹಳಿ ಹಾಸಿದವರನ್ನೂ ಮೂಟೆ ಹೊತ್ತವರನ್ನೂ ವ್ಯಾಗನಿಗಾಗಿ ಕಾದ ಒಕ್ಕಲಿಗನನ್ನೂ ಒಮ್ಮೆ ನೆನೆದರೆ ಚರಿತ್ರೆಯು ಪೂರ್ಣವಾದೀತು.