ಬಿರುದಿನ ಕಾಳಗ

ಮಲ್ಲರ ಚರಿತ್ರೆಯನ್ನು ಬರೆಯಹೊರಟವನಿಗೆ ಮೊದಲು ಎದುರಾಗುವ ತೊಡಕು ಸೋಲು ಗೆಲವುಗಳದಲ್ಲ, ಬಿರುದಿನದು. ಇಬ್ಬರು ಕಾದಿದರೆ ಒಬ್ಬನು ಬೀಳುವನು, ಒಬ್ಬನು ನಿಲ್ಲುವನು. ಅದು ಕಣ್ಣಿಗೆ ಕಾಣುವ ಸಂಗತಿ. ಆದರೆ ನಿಂತವನು ಜಗಜಟ್ಟಿಯೆನ್ನಿಸಿಕೊಳ್ಳಬೇಕಾದರೆ ಮೂರನೆಯವನೊಬ್ಬನು ಹಾಗೆಂದು ಸಾರಬೇಕು. ಸಾರಿದುದನ್ನು ನೆರೆದ ಜನ ಒಪ್ಪಬೇಕು. ಈ ಮೂರನೆಯವನು ಯಾರು, ಅವನು ಏನನ್ನು ನೋಡಿ ಸಾರುತ್ತಾನೆ ಎಂಬ ಪ್ರಶ್ನೆಯಿಂದಲೇ ಬಿರುದಿನ ಜಗಳಗಳೆಲ್ಲ ಹುಟ್ಟಿಕೊಂಡಿವೆ. ಕನ್ನಡನಾಡಿನ ಜಟ್ಟಿಗಳು ಇದಕ್ಕೆ ಒಂದು ಉತ್ತರವನ್ನು ಕಂಡುಕೊಂಡರು. ಪಶ್ಚಿಮದಿಂದ ಲೋಕಕ್ಕೆಲ್ಲ ಹಬ್ಬಿದ ಮುಷ್ಟಿಯುದ್ಧವು ಬೇರೊಂದನ್ನು ಕಂಡುಕೊಂಡಿತು. ಆ ಎರಡನೆಯ ಉತ್ತರದ ದೆಸೆಯಿಂದ ಜಪಾನ್ ದೇಶದ ಮಲ್ಲನೊಬ್ಬನಿಗೆ ಒದಗಿದುದನ್ನು ನಮ್ಮವರ ಪದ್ಧತಿಯ ಪಕ್ಕದಲ್ಲಿಟ್ಟು ನೋಡಬೇಕೆಂಬುದು ಈ ಲೇಖನದ ಉದ್ದೇಶ.

ನಮ್ಮ ಬನವಾಸಿ ನಾಡು ಕಲ್ಯಾಣದ ಚಾಲುಕ್ಯರ ಆಳಿಕೆಗೆ ಒಳಪಟ್ಟಿದ್ದ ಕಾಲದಲ್ಲಿ, ಆ ವಂಶದ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅರಸನಿಗೆ ಬೇಕಾದ ವಿದ್ಯೆ ವಿನೋದಗಳಲ್ಲಿ ಅದರಲ್ಲಿಲ್ಲದುದು ಅಪೂರ್ವ. ಅದರ ಮಲ್ಲವಿನೋದ ಪ್ರಕರಣದಲ್ಲಿ ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ತರತಮ ಹಿಡಿದು ವಿಂಗಡಿಸಿದೆ. ನಮ್ಮ ‘ಜಟ್ಟಿ’ ಎಂಬ ಮಾತು ಈ ಜ್ಯೇಷ್ಠ ಶಬ್ದದಿಂದ ಬಂದುದೆಂದು ಬಲ್ಲವರು ಹೇಳುತ್ತಾರೆ. ಹಾಗಾದರೆ ಜಟ್ಟಿಯೆಂಬುದೇ ಮೂಲದಲ್ಲಿ ಒಂದು ಬಿರುದು. ಕುಲದ ಹೆಸರಾದುದು ಆಮೇಲಿನ ಮಾತು. ಅದೇ ಗ್ರಂಥದ ಅಂಕವಿನೋದದಲ್ಲಿ ಆಯುಧ ಹಿಡಿದು ಇಬ್ಬರೇ ಕಾದುವ ಅಂಕಕಾರರ ವಿಷಯವಿದೆ. ಭೂಮಿಗಾಗಿ ಕಾದುವವರು, ಹಗೆಗಾಗಿ ಕಾದುವವರು ಎಂದು ಎಣಿಸುತ್ತ, ಬಿರುದಿಗಾಗಿ ಕಾದುವವರನ್ನೂ ಅಲ್ಲಿ ಒಂದು ಬಗೆಯಾಗಿ ಹೇಳಿದೆ. ಗದ್ದೆಯ ಮೇರೆಯಷ್ಟೇ ನಿಜವಾದ ಸ್ವತ್ತು ಬಿರುದೆಂದು ಆ ಕಾಲದವರು ಬಗೆದಿದ್ದರೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಮುಂದೆ ವಿಜಯನಗರದ ಕಾಲಕ್ಕೆ ಬಂದರೆ, ಕೃಷ್ಣದೇವರಾಯನ ರಾಜಧಾನಿಯಲ್ಲಿ 1520ರ ಸುಮಾರಿಗೆ ಮಹಾನವಮಿಯನ್ನು ಕಣ್ಣಾರೆ ಕಂಡ ಪೋರ್ತುಗೀಜ ಪ್ರವಾಸಿ ಡೊಮಿಂಗೊ ಪಾಯೆಸನು ಮಲ್ಲರ ಕಾಳಗವನ್ನು ವರ್ಣಿಸಿದ್ದಾನೆ. ಅದು ಬರಿಯ ಹಿಡಿಪಟ್ಟುಗಳ ಕುಸ್ತಿಯಲ್ಲ. ಹಲ್ಲು ಉದುರುವಂತೆ, ಕಣ್ಣು ಕಳೆಯುವಂತೆ, ಮುಖ ವಿಕಾರವಾಗುವಂತೆ ಹೊಡೆತ ಬೀಳುತ್ತಿತ್ತಂತೆ. ನಮಗೆ ಮುಖ್ಯವಾದುದು ಅವನು ಜೊತೆಗೆ ಹೇಳುವ ಇನ್ನೊಂದು ಮಾತು: ಕಾದುವವರನ್ನು ಕಣದಲ್ಲಿ ಸಮನಾಗಿ ನಿಲ್ಲಿಸುವುದಕ್ಕೂ ಗೆದ್ದವನಿಗೆ ಸಲ್ಲಬೇಕಾದ ಮರ್ಯಾದೆಯನ್ನು ಗೊತ್ತುಮಾಡುವುದಕ್ಕೂ ಅಲ್ಲಿ ನಾಯಕರೂ ನಿರ್ಣಾಯಕರೂ ಇದ್ದರು. ಮೂರನೆಯವನು ಅಂದಿಗೇ ಕಣದಲ್ಲಿದ್ದನು.

ಈ ಮೂರನೆಯವನಿಲ್ಲದೆ ಬಿರುದನ್ನು ಕಟ್ಟಿಕೊಂಡವನ ಗತಿ ಏನಾಯಿತೆಂಬುದಕ್ಕೆ ಮೈಸೂರಿನವರು ರಣಧೀರ ಕಂಠೀರವ ನರಸರಾಜ ಒಡೆಯರ ಕಥೆಯನ್ನು ಹೇಳುತ್ತಾರೆ. ತಿರುಚಿನಾಪಳ್ಳಿಯ ಜಟ್ಟಿಯೊಬ್ಬನು ತನ್ನ ಚಲ್ಲಣವನ್ನು ಊರಬಾಗಿಲಿಗೆ ಕಟ್ಟಿಸಿದ್ದನಂತೆ. ಅದರ ಕೆಳಗೆ ನುಸುಳಿ ಬಂದವರೆಲ್ಲ ತನಗೆ ಸೋತಂತೆ ಎಂಬುದು ಅವನ ಹೂಟ. ಸುದ್ದಿ ಕೇಳಿದ ಕಂಠೀರವರು ಮಾರುವೇಷದಿಂದ ಹೋಗಿ, ಆ ಬಾಗಿಲಲ್ಲಿ ತಲೆ ಬಾಗಿಸಲೊಲ್ಲದೆ, ಅವನೊಡನೆ ಕಾದಿ ಅವನನ್ನು ಕೊಂದು, ಸನ್ಮಾನಕ್ಕೆ ಕಾಯದೆ, ತಮ್ಮ ಹೆಸರನ್ನು ಮಾತ್ರ ಬರೆದಿಟ್ಟು ರಾತ್ರೋರಾತ್ರಿ ಹಿಂದಿರುಗಿದರೆಂದು ಪ್ರತೀತಿ. ಒಡೆಯರು 1638ರಿಂದ 1659ರವರೆಗೆ ಆಳಿದರು. ಅವರ ಶೌರ್ಯದ ಕಥೆಗಳಲ್ಲಿ ಇತಿಹಾಸವೆಷ್ಟು, ಭಕ್ತಿಯೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ. ಆದರೂ ಕಥೆಯ ತಿರುಳು ಗಟ್ಟಿಯಾಗಿದೆ. ಕಾದದೆಯೇ ಗೆಲವನ್ನು ಎಣಿಸಿಕೊಳ್ಳುತ್ತಿದ್ದ ಬಿರುದನ್ನು ಕಾದಿಯೇ ಇಳಿಸಬೇಕಾಯಿತು.

ಮೈಸೂರು ಜಟ್ಟಿಗಳ ವಜ್ರಮುಷ್ಟಿ ಕಾಳಗವು ಇಂದಿಗೂ ದಸರೆಯಲ್ಲಿ, ವಿಜಯದಶಮಿಯ ದಿನ ಅರಮನೆಯ ತೊಟ್ಟಿಯಲ್ಲಿ ನಡೆಯುತ್ತದೆ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳ ಜಟ್ಟಿಗಳು ಜೋಡಿಯಾಗಿ ನಿಲ್ಲುತ್ತಾರೆ. ತಲೆ ಬೋಳಿಸಿ, ಚಿಕ್ಕ ಜುಟ್ಟನ್ನು ಮಾತ್ರ ಉಳಿಸಿಕೊಂಡಿರುತ್ತಾರೆ. ಬಲಗೈ ಬೆರಳುಗಳಿಗೆ ಮೊನೆಗಳುಳ್ಳ ಆಯುಧವನ್ನು ತೊಟ್ಟಿರುತ್ತಾರೆ. ಇದನ್ನು ಹಿಂದೆ ಕೊಂಬಿನಿಂದಲೂ ದಂತದಿಂದಲೂ ಮಾಡುತ್ತಿದ್ದರು. ಇಬ್ಬರಲ್ಲಿ ಒಬ್ಬನ ತಲೆಯಿಂದ ಮೊದಲ ಹನಿ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯಿತು. ಅನೇಕ ವೇಳೆ ಅದಕ್ಕೆ ಕೆಲವೇ ಕ್ಷಣಗಳು ಸಾಕು. ಬೋಳು ತಲೆಯ ಮೇಲಿನ ಕೆಂಪು ಹನಿಯನ್ನು ಸಿಂಹಾಸನದ ಪಕ್ಕದವನೂ ಕಾಣಬಲ್ಲನು, ಕಂಬದ ಮರೆಯಲ್ಲಿ ನಿಂತ ಹುಡುಗನೂ ಕಾಣಬಲ್ಲನು. ಉಸ್ತಾದನ ಕೆಲಸ ಇಬ್ಬರನ್ನೂ ಬಿಡಿಸುವುದಷ್ಟೇ. ಅವನು ಲೆಕ್ಕ ಬರೆಯಬೇಕಾದುದಿಲ್ಲ. ಈ ಪದ್ಧತಿಯಲ್ಲಿ ಕೊರತೆಯಿಲ್ಲವೆಂದಲ್ಲ. ಅದೃಷ್ಟದಿಂದ ತಗಲಿದ ಒಂದು ಗೀರು ಹತ್ತು ವರುಷಗಳ ಗರಡಿಯ ಸಾಧನೆಯನ್ನು ಮುಚ್ಚಿಹಾಕಬಹುದು. ಹೆಚ್ಚು ಬಲ್ಲವನೇ ಗೆದ್ದನೆಂದು ಆಣೆಯಿಟ್ಟು ಹೇಳಲಾಗದು. ಆದರೆ ಯಾರು ಗೆದ್ದರೆಂಬ ವಿಷಯದಲ್ಲಿ ವಿವಾದಕ್ಕೆ ಎಡೆಯಿಲ್ಲ.

ವಿವಾದವೇ ಸೊಗಸಾಗುವುದೂ ಉಂಟು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ತಾಳಮದ್ದಳೆಯಲ್ಲಿ ಜರಾಸಂಧನು ಸೀಳಿಹೋಗುವುದು ಮೊದಲೇ ಗೊತ್ತಿದ್ದ ಸಂಗತಿ. ಆದರೆ ಮಾತಿನಲ್ಲಿ ಗೆದ್ದವನು ಭೀಮನ ಅರ್ಥಧಾರಿಯೋ ಮಾಗಧನ ಅರ್ಥಧಾರಿಯೋ ಎಂಬ ಚರ್ಚೆ ಅಡಕೆ ತೋಟದ ದಾರಿಯುದ್ದಕ್ಕೂ ನಡೆಯುತ್ತದೆ. ಅಲ್ಲಿ ಯಾರ ಹೊಟ್ಟೆಯ ಮೇಲೂ ಹೊಡೆತವಿಲ್ಲ. ಮುಷ್ಟಿಯುದ್ಧವನ್ನೇ ಜೀವನವೃತ್ತಿಯಾಗಿ ಹಿಡಿದವನ ಪಾಡು ಹಾಗಲ್ಲವೆಂಬುದಕ್ಕೆ ಜಪಾನಿನ ಮಸಾಹಿಕೊ ಹರಾಡನ ಚರಿತ್ರೆಯೇ ನಿದರ್ಶನ.

ಹರಾಡನು ಹುಟ್ಟಿದುದು 1943ರಲ್ಲಿ, ಟೋಕಿಯೋ ನಗರದಲ್ಲಿ. 1960ರಲ್ಲಿ ವೃತ್ತಿಗೆ ಇಳಿದ ಈತನು ಹಿಂದೆ ಸರಿಯದೆ ಮುನ್ನುಗ್ಗುವ ಸ್ವಭಾವದಿಂದ ‘ಫೈಟಿಂಗ್’ ಹರಾಡನೆಂದೇ ಹೆಸರಾದನು. ಈ ಆಟದಲ್ಲಿ ಮಲ್ಲರನ್ನು ದೇಹತೂಕದಂತೆ ವರ್ಗ ಮಾಡುತ್ತಾರೆ. ಒಂದೊಂದು ವರ್ಗಕ್ಕೆ ಒಂದೊಂದು ಜಾಗತಿಕ ಪಟ್ಟ. 1962ರ ಅಕ್ಟೋಬರ್ 10ರಂದು, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಹರಾಡನು ಥಾಯ್ ದೇಶದ ಪೋನ್ ಕಿಂಗ್‌ಪೆಚ್‌ನನ್ನು ಹನ್ನೊಂದನೆಯ ಸುತ್ತಿನಲ್ಲಿ ಉರುಳಿಸಿ 112 ಪೌಂಡಿನ ಫ್ಲೈವೇಟ್ ಪಟ್ಟವನ್ನು ಪಡೆದನು. ಮರುವರುಷದ ಜನವರಿಯಲ್ಲಿ ಬ್ಯಾಂಕಾಕಿನಲ್ಲಿ ಅದು ಕೈಬಿಟ್ಟಿತು. ಬೆಳೆಯುವ ಮೈಯನ್ನು ಆ ತೂಕಕ್ಕೆ ಇಳಿಸುವುದೇ ಕಷ್ಟವಾದುದರಿಂದ ಈತನು 118 ಪೌಂಡಿನ ಬ್ಯಾಂಟಮ್‌ವೇಟ್‌ಗೆ ಏರಿದನು. ಅಲ್ಲಿದ್ದವನು ಬ್ರೆಜಿಲಿನ ಎಡರ್ ಜೋಫ್ರೆ. ಆವರೆಗೆ ವೃತ್ತಿಯಲ್ಲಿ ಒಮ್ಮೆಯೂ ಸೋತವನಲ್ಲ. 1965ರ ಮೇ 18ರಂದು ನಗೋಯಾದಲ್ಲಿ ಹದಿನೈದು ಸುತ್ತುಗಳ ಕಾಳಗವಾಗಿ, ನಿರ್ಣಾಯಕರ ಮತ ಒಡೆದು, ಪಟ್ಟ ಹರಾಡನಿಗೆ ಬಂದಿತು. ಒಡೆದ ಮತದ ಗೆಲವೆಂದು ಆಡಿಕೊಂಡವರಿಗೆ ಮರುವರುಷ ಟೋಕಿಯೋದಲ್ಲಿ ಅದೇ ಜೋಫ್ರೆಯನ್ನು ಸರ್ವಾನುಮತದಿಂದ ಗೆದ್ದು ಉತ್ತರ ಕೊಟ್ಟನು. 1968ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯಾದ ಮೂಲನಿವಾಸಿ ತರುಣ ಲಯೊನೆಲ್ ರೋಸನಿಗೆ ಆ ಪಟ್ಟವನ್ನು ಒಪ್ಪಿಸಬೇಕಾಯಿತು.

ಇನ್ನುಳಿದುದು 126 ಪೌಂಡಿನ ಫೆದರ್‌ವೇಟ್. ಈ ಮೂರು ವರ್ಗಗಳಲ್ಲಿಯೂ ಪಟ್ಟ ಕಟ್ಟಿಸಿಕೊಂಡವನು ಅಂದಿನವರೆಗೆ ಯಾವನೂ ಇರಲಿಲ್ಲ. ಆ ಹೊತ್ತಿಗೆ ಪಟ್ಟವೇ ಎರಡಾಗಿತ್ತೆಂಬುದನ್ನು ವಾಚಕರು ಗಮನಿಸಬೇಕು: ವಿಶ್ವ ಮುಷ್ಟಿಯುದ್ಧ ಸಂಘವೊಂದು, ವಿಶ್ವ ಮುಷ್ಟಿಯುದ್ಧ ಪರಿಷತ್ತೊಂದು, ಸಂಘದ ಜಗಜಟ್ಟಿ ಜಪಾನಿನವನೇ ಆದ ಶೋಜೊ ಸೈಜೊ, ಪರಿಷತ್ತಿನ ಜಗಜಟ್ಟಿ ಪ್ಯಾರಿಸಿನಲ್ಲಿ ಹುಟ್ಟಿ ಆಸ್ಟ್ರೇಲಿಯಾದಲ್ಲಿ ಬೆಳೆದ ಜಾನಿ ಫಾಮೆಶಾನ್. ಜಗತ್ತು ಒಂದೇ ಆಗಿರಲು ಜಗಜಟ್ಟಿಗಳು ಇಬ್ಬರು! ಹರಾಡನು ಫಾಮೆಶಾನನನ್ನು ಎದುರಿಸಲು 1969ರ ಜುಲೈ 28ರಂದು ಸಿಡ್ನಿ ನಗರದಲ್ಲಿ ಕಣಕ್ಕಿಳಿದನು. ಅಂಕ ಹಾಕುವ ಅಧಿಕಾರವೆಲ್ಲ ಒಬ್ಬನ ಕೈಯಲ್ಲಿತ್ತು. ಅವನು ಅಮೆರಿಕೆಯ ವಿಲಿ ಪೆಪ್, ತಾನೇ ಹಿಂದೆ ಆ ವರ್ಗದ ಪಟ್ಟವನ್ನು ಹೊತ್ತಿದ್ದವನು; ವಿದ್ಯೆ ತಿಳಿಯದವನೆನ್ನುವಂತಿರಲಿಲ್ಲ.

ಹದಿನೈದು ಸುತ್ತುಗಳು ನಡೆದುವು. ಹರಾಡನು ಒಮ್ಮೆ ನೆಲಕ್ಕೆ ಬಿದ್ದನು. ಫಾಮೆಶಾನನು ಮೂರು ಬಾರಿ ಬಿದ್ದನು. ಕೊನೆಯ ಗಂಟೆ ಬಾರಿಸಿದಾಗ ಪೆಪ್ಪನು ಇಬ್ಬರ ಕೈಗಳನ್ನೂ ಎತ್ತಿ ಹಿಡಿದನು: ಸಮಬಲ. ಸಮವಾದರೆ ಪಟ್ಟ ಇದ್ದವನಲ್ಲಿಯೇ ಉಳಿಯುವುದೆಂಬುದು ಈ ಆಟದ ಕಟ್ಟಳೆ. ಆದುದರಿಂದ ಹರಾಡನಿಗೆ ಅಷ್ಟರಿಂದಲೇ ನಷ್ಟವಾಗಿತ್ತು. ಆದರೆ ವಿಷಯ ಅಲ್ಲಿಗೆ ನಿಲ್ಲಲಿಲ್ಲ. ಅಂಕದ ಚೀಟಿಯನ್ನು ಮತ್ತೆ ಕೂಡಿಸಿ ನೋಡಲಾಗಿ 70ಕ್ಕೆ 69 ಎಂದು ಫಾಮೆಶಾನನಿಗೆ ಒಂದು ಅಂಕ ಹೆಚ್ಚಾಗಿತ್ತು. ಎತ್ತಿದ್ದ ಕೈಯೊಂದನ್ನು ಇಳಿಸಿದಂತಾಯಿತು. ತಮ್ಮ ನಾಡಿನವನೇ ಗೆದ್ದನೆಂದು ಸಾರಿದರೂ ಸಿಡ್ನಿಯ ಪ್ರೇಕ್ಷಕರು ಆ ತೀರ್ಪನ್ನು ಧಿಕ್ಕರಿಸಿ ಕೂಗಿದರು. ಇದನ್ನು ಆ ಜನರ ಹಿರಿಮೆಯೆಂದೇ ನಾನು ಎಣಿಸುತ್ತೇನೆ. ಮೂರು ಬಾರಿ ಬಿದ್ದವನನ್ನು ಸಾವಿರಾರು ಕಣ್ಣುಗಳು ಕಂಡಿದ್ದುವು. ಒಂದು ಅಂಕದ ಹೆಚ್ಚಳವನ್ನು ಕಂಡುದು ಒಂದು ಕಾಗದ ಮಾತ್ರ.

ಫಾಮೆಶಾನನನ್ನು ಇಲ್ಲಿ ದೂಷಿಸಬೇಕಾದುದಿಲ್ಲ. ಅವನು ಅಂಕ ಬರೆದವನಲ್ಲ. ಬಿದ್ದಾಗಲೆಲ್ಲ ಎದ್ದು ಕಾದಿದವನು. ಹರಾಡನ ಪಕ್ಷ ಹಿಡಿಯುವವರು ಮುಂದಿನ ಸಂಗತಿಯನ್ನು ಮರೆಮಾಚಲೂ ಬಾರದು. 1970ರ ಜನವರಿ 6ರಂದು ಇಬ್ಬರೂ ಟೋಕಿಯೋದಲ್ಲಿ ಮತ್ತೆ ಎದುರಾದರು. ಈ ಸಲ ಊರು ಹರಾಡನದು, ಜನ ಹರಾಡನವರು. ಹದಿನಾಲ್ಕನೆಯ ಸುತ್ತಿನಲ್ಲಿ ಫಾಮೆಶಾನನು ಅವನನ್ನು ಕೆಡವಿ ಕಾಳಗವನ್ನೇ ಮುಗಿಸಿದನು. ಕೂಡಿಸುವ ಚೀಟಿ ಆ ದಿನ ಬೇಕಾಗಲಿಲ್ಲ. ಅದರ ಬೆನ್ನಿಗೇ ಹರಾಡನು ಕಣದಿಂದ ನಿವೃತ್ತನಾದನು. ಆಗ ಅವನಿಗೆ ಇನ್ನೂ ಇಪ್ಪತ್ತೇಳು ತುಂಬಿರಲಿಲ್ಲ.

ಮುಂದೆ ಆತನು ಜಪಾನಿನ ಮುಷ್ಟಿಯುದ್ಧ ಸಂಘದ ಅಧ್ಯಕ್ಷನಾಗಿ ಕೆಲಸಮಾಡಿದನು. 1995ರಲ್ಲಿ ಅಂತರರಾಷ್ಟ್ರೀಯ ಮುಷ್ಟಿಯುದ್ಧ ಕೀರ್ತಿಭವನವು ಆತನ ಹೆಸರನ್ನು ಸೇರಿಸಿಕೊಂಡಿತು. ಮೂರನೆಯ ಪಟ್ಟವು ಮಾತ್ರ ಅವನ ಲೆಕ್ಕಕ್ಕೆ ಬರಲಿಲ್ಲ. ಇತ್ತ ಜೋಫ್ರೆಯು ತನ್ನ ವೃತ್ತಿಯಲ್ಲಿ ಒಟ್ಟು 78 ಕಾಳಗಗಳನ್ನು ಕಾದಿ ಎರಡರಲ್ಲಿ ಮಾತ್ರ ಸೋತನು; ಆ ಎರಡೂ ಹರಾಡನ ಎದುರಿಗೆ.