ಪಾದರಕ್ಷೆಗಳ ದೀರ್ಘಕಾಲಿಕ ಸಂರಕ್ಷಣೆ

ಪಾದರಕ್ಷೆಗಳ ದೀರ್ಘಕಾಲಿಕ ಸಂರಕ್ಷಣೆ ಎಂದರೆ ಹಲವು ತಿಂಗಳು ಅಥವಾ ವರ್ಷಗಳ ಕಾಲ ಬಳಸದೆ ಇಡಬೇಕಾದ ಷೂ, ಬೂಟು ಮತ್ತು ಚಪ್ಪಲಿಗಳನ್ನು ಕೆಡದಂತೆ ಸಿದ್ಧಪಡಿಸಿ ಎತ್ತಿಡುವ ಕ್ರಮ. ಬಳಸದ ವಸ್ತು ಸವೆಯುವುದಿಲ್ಲ, ಆದ್ದರಿಂದ ಕೆಡುವುದೂ ಇಲ್ಲ ಎಂಬ ನಂಬಿಕೆ ಸಾಮಾನ್ಯವಾಗಿದೆ. ಪಾದರಕ್ಷೆಗಳ ಮಟ್ಟಿಗೆ ಇದು ಸರಿಯಲ್ಲ. ಕೆಲವು ಬಗೆಯ ಷೂಗಳು ಪೆಟ್ಟಿಗೆಯೊಳಗೆ ಇದ್ದಲ್ಲಿಯೇ ಹಾಳಾಗುತ್ತವೆ.

ಕೆಡಲು ಕಾರಣಗಳು

ಮುಖ್ಯ ಕಾರಣ ತೇವಾಂಶ. ಗಾಳಿಯ ಸಾಪೇಕ್ಷ ಆರ್ದ್ರತೆಯು ಸುಮಾರು ಶೇ. 65–70ನ್ನು ಮೀರಿ ಹಲವು ದಿನ ಹಾಗೆಯೇ ಉಳಿದರೆ ಚರ್ಮದ ಮೇಲೆ ಬೂಷ್ಟು ಬೆಳೆಯುತ್ತದೆ. ಕರಾವಳಿ ಮತ್ತು ಮಲೆನಾಡಿನಲ್ಲಿ ಮಳೆಗಾಲವಿಡೀ ಇದೇ ಸ್ಥಿತಿ ಇರುತ್ತದೆ. ಷೂವಿನೊಳಗೆ ಉಳಿದ ಬೆವರು ಮತ್ತು ಕೊಳೆ ಬೂಷ್ಟಿಗೆ ಆಹಾರವಾಗುತ್ತವೆ. ಇದಕ್ಕೆ ವಿರುದ್ಧವಾಗಿ ಅತಿಯಾದ ಒಣ ಹವೆಯಲ್ಲಿ ಚರ್ಮವು ಬಿರಿಯುತ್ತದೆ.

ಸಿದ್ಧತೆಯ ಕ್ರಮ

ಮೊದಲು ಲೇಸ್ ಮತ್ತು ಒಳಹಾಸನ್ನು ಹೊರತೆಗೆದು, ಮಣ್ಣನ್ನು ಬ್ರಷ್‌ನಿಂದ ಉದುರಿಸಿ, ಒದ್ದೆ ಬಟ್ಟೆಯನ್ನು ಚೆನ್ನಾಗಿ ಹಿಂಡಿ ಒರೆಸಬೇಕು. ಅನಂತರ ಗಾಳಿಯಾಡುವ ನೆರಳಿನಲ್ಲಿ ಕನಿಷ್ಠ ಎರಡು ದಿನ ಒಣಗಿಸಬೇಕು. ಹೊರಭಾಗ ಒಣಗಿದರೂ ಬೆರಳಿನ ಕಡೆಯ ಒಳಭಾಗದಲ್ಲಿ ತೇವ ಉಳಿದಿರುತ್ತದೆ. ಬಿಸಿಲು, ಒಲೆ ಅಥವಾ ಹೀಟರಿನ ಶಾಖ ಚರ್ಮವನ್ನು ಗಡುಸಾಗಿಸುವುದರಿಂದ ಸಲ್ಲದು. ಒಣಗಿದ ಮೇಲೆ ನುಣುಪು ಚರ್ಮಕ್ಕೆ ಕ್ರೀಮನ್ನು ತೆಳುವಾಗಿ ಹಚ್ಚಿ ಉಜ್ಜಬೇಕು.

ಆಕಾರ ಉಳಿಯಲು ಒಳಗೆ ಮರದ ಅಚ್ಚನ್ನೋ ಅಚ್ಚಾಗದ ಬಿಳಿ ಕಾಗದವನ್ನೋ ತುಂಬಬೇಕು. ವೃತ್ತಪತ್ರಿಕೆಯ ಶಾಯಿ ತಿಳಿಬಣ್ಣದ ಒಳಪದರಕ್ಕೆ ಅಂಟುತ್ತದೆ. ಪ್ರತಿ ಷೂವನ್ನೂ ಹತ್ತಿಬಟ್ಟೆಯ ಚೀಲದಲ್ಲಿಟ್ಟು, ನೆಲ ಮತ್ತು ಹೊರಗೋಡೆಗೆ ತಾಗದ ಕಪಾಟಿನಲ್ಲಿ ಇಡುವುದು ಉತ್ತಮ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಡುವುದು ನಮ್ಮಲ್ಲಿ ಬಹಳ ಪ್ರಚಲಿತವಾದರೂ ಹಾನಿಕರ. ಒಳಗಿನ ತೇವಕ್ಕೆ ಹೊರದಾರಿಯೇ ಇರುವುದಿಲ್ಲ.

ಹೊಸ ಷೂಗಳ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣವನ್ನು ಹೆಚ್ಚಿನವರು ಎಸೆದುಬಿಡುತ್ತಾರೆ. ಮುಚ್ಚಿದ ಪೆಟ್ಟಿಗೆಯಲ್ಲಿ ಅದು ತೇವವನ್ನು ಹೀರುತ್ತದೆ. ತೆರೆದ ಕಪಾಟಿನಲ್ಲಿ ನಿಷ್ಪ್ರಯೋಜಕ. ಪೂರ್ಣ ತೇವ ಹೀರಿದ ಮೇಲೆ ಅದನ್ನು ಬದಲಿಸಬೇಕು. ನುಸಿಗುಳಿಗೆಯು ಕೀಟಗಳನ್ನು ದೂರವಿಡುತ್ತದೆಯೇ ಹೊರತು ತೇವವನ್ನು ಹೀರುವುದಿಲ್ಲ. ಅದು ವಿಷಕಾರಿ, ಮಕ್ಕಳ ಕೈಗೆ ಸಿಗಬಾರದು.

ಪಾಲಿಯುರೆಥೇನ್ ಸೋಲ್‌ಗಳ ಸಮಸ್ಯೆ

ಚಾರಣದ ಬೂಟುಗಳು, ಸುರಕ್ಷತಾ ಬೂಟುಗಳು ಮತ್ತು ಹಲವು ಕ್ರೀಡಾ ಷೂಗಳ ಅಟ್ಟೆ, ಅಂದರೆ ಸೋಲ್, ಹಗುರವಾದ ಪಾಲಿಯುರೆಥೇನ್ ನೊರೆಯಿಂದ ತಯಾರಾಗುತ್ತದೆ. ಗಾಳಿಯಲ್ಲಿನ ನೀರಾವಿಯು ಇದರ ಅಣುಸರಪಳಿಗಳನ್ನು ಮೆಲ್ಲನೆ ತುಂಡರಿಸುತ್ತದೆ. ಈ ಕ್ರಿಯೆಯೇ ಜಲವಿಭಜನೆ. ಪಾಲಿಯೆಸ್ಟರ್ ಆಧಾರಿತ ಪಾಲಿಯುರೆಥೇನ್ ಇದಕ್ಕೆ ಬೇಗ ತುತ್ತಾಗುತ್ತದೆ. ಪಾಲಿಈಥರ್ ಆಧಾರಿತವಾದದ್ದು ಹೆಚ್ಚು ತಾಳಿಕೊಳ್ಳುತ್ತದೆ. ಸೆಕೆ ಮತ್ತು ತೇವ ಎರಡೂ ಸೇರಿದಲ್ಲಿ ಕ್ರಿಯೆಯ ವೇಗ ಹೆಚ್ಚುತ್ತದೆ. ಕೆಲವೇ ವರ್ಷಗಳಲ್ಲಿ, ಒಮ್ಮೆಯೂ ತೊಡದ ಬೂಟಿನ ಸೋಲ್ ಕೂಡ ಪುಡಿಯಾಗಿ ಉದುರಬಹುದು. ನೋಡಲು ಹೊಸದರಂತಿದ್ದು, ಬೆಟ್ಟದ ನಡುದಾರಿಯಲ್ಲಿ ಅಟ್ಟೆ ಕಳಚಿಬೀಳುವುದೇ ಇದರ ಅಪಾಯ.

ಒಳ್ಳೆಯ ಸಂಗ್ರಹಣೆಯಿಂದ ಈ ಕ್ರಿಯೆಯನ್ನು ನಿಧಾನಗೊಳಿಸಬಹುದು, ತಡೆಯಲಾಗದು. ಆದ್ದರಿಂದ ಇಂತಹ ಬೂಟುಗಳನ್ನು ಮುಂದಕ್ಕೆಂದು ಕೊಂಡಿಡುವುದು ಜಾಣತನವಲ್ಲ. ದೀರ್ಘಕಾಲ ಇಟ್ಟವನ್ನು ಪ್ರಯಾಣಕ್ಕೆ ಮುನ್ನ ಬಗ್ಗಿಸಿ ನೋಡಬೇಕು. ಅಂಟಂಟಾದ ಮೇಲ್ಮೈ, ಬಿರುಕು, ಉದುರುವ ಚೂರುಗಳು ಕೆಟ್ಟಿರುವುದರ ಲಕ್ಷಣ. ಮೇಲ್ಭಾಗದ ಚರ್ಮ ಗಟ್ಟಿಯಿದ್ದರೆ ಕೆಲವು ಬೂಟುಗಳಿಗೆ ರಬ್ಬರ್ ಸೋಲ್ ಹಾಕಿಸಬಹುದು.

ಕೊಲ್ಹಾಪುರಿ ಚಪ್ಪಲಿಗಳು

2019ರಲ್ಲಿ ಭೌಗೋಳಿಕ ಸೂಚಕ ಪಡೆದ ಕೊಲ್ಹಾಪುರಿ ಚಪ್ಪಲಿಗಳು ಮಹಾರಾಷ್ಟ್ರದಲ್ಲಿ ಮಾತ್ರವಲ್ಲದೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳಲ್ಲಿಯೂ ತಯಾರಾಗುತ್ತವೆ. ಸಾಂಪ್ರದಾಯಿಕ ಕ್ರಮದಲ್ಲಿ ಇವುಗಳಿಗೆ ಮೊಳೆ ಹೊಡೆಯುವುದಿಲ್ಲವಾದ್ದರಿಂದ ತುಕ್ಕಿನ ಭಯವಿಲ್ಲ. ಆದರೆ ಸಸ್ಯಮೂಲದ ಒಗರಿನಿಂದ ಹದಗೊಳಿಸಿದ ಈ ಚರ್ಮ ನೀರನ್ನು ಸುಲಭವಾಗಿ ಹೀರಿ ಸೊಟ್ಟಗಾಗುತ್ತದೆ. ಮಳೆಗಾಲಕ್ಕೆ ಮೊದಲೇ ಒಣಗಿಸಿ, ಅತಿ ತೆಳುವಾಗಿ ಎಣ್ಣೆ ಸವರಿ, ಸಮತಟ್ಟಾಗಿ ಇಡಬೇಕು.

ಹೊರತೆಗೆಯುವಾಗ

ಎರಡು ಮೂರು ತಿಂಗಳಿಗೊಮ್ಮೆ ತೆರೆದು ಗಾಳಿಗಿಡಬೇಕು. ಬೂಷ್ಟು ಕಂಡರೆ ಮನೆಯೊಳಗೆ ಝಾಡಿಸದೆ, ಮೂಗು ಮುಚ್ಚಿಕೊಂಡು ಹೊರಗೆ ಒರೆಸಬೇಕು. ಇಲ್ಲವಾದರೆ ಅದರ ಬೀಜಕಣಗಳು ಉಳಿದ ಪಾದರಕ್ಷೆಗಳಿಗೂ ಹರಡುತ್ತವೆ.