ಚಾಮರಾಜಪೇಟೆಯ ಪುಸ್ತಕ ಹಳ್ಳಿಗೆ ತಲುಪೋದು ಹೇಗೆ?

1915ರಲ್ಲಿ ಶುರುವಾದ ಕನ್ನಡ ಸಾಹಿತ್ಯ ಪರಿಷತ್ತು ಇರುವುದು ಚಾಮರಾಜಪೇಟೆಯಲ್ಲಿ. ಅಂಕಿತ ಪುಸ್ತಕ ಇರುವುದು ಬಸವನಗುಡಿಯ ಗಾಂಧಿ ಬಜಾರಿನಲ್ಲಿ. ಆದರೆ ಪುಸ್ತಕ ತರಿಸುವವರು ಬೀದರ್‌ನ ಔರಾದ್ ತಾಲ್ಲೂಕಿನ ಹಳ್ಳಿಯಲ್ಲೂ ಇರಬಹುದು. ಪ್ರಕಾಶಕರಿಗೆ ಅಷ್ಟು ದೂರ ಸ್ವಂತ ಗಾಡಿ ಓಡಿಸೋಕೆ ಆಗಲ್ಲ, ಸಾಗಣೆಯನ್ನು ಹೊರಗಿನವರಿಗೆ ವಹಿಸಲೇಬೇಕು. ಇದಕ್ಕೆ ಈಗ ಥರ್ಡ್ ಪಾರ್ಟಿ ಲಾಜಿಸ್ಟಿಕ್ಸ್ ಅಂತಾರೆ. ಹೆಸರು ಹೊಸದು, ಅಷ್ಟೇ. ಕಾರ್ಡು ಬರೆದ ಓದುಗರಿಗೆ ವಿ.ಪಿ.ಪಿ.ಯಲ್ಲಿ ಪುಸ್ತಕ ಕಳಿಸಿ, ಪೋಸ್ಟ್‌ಮ್ಯಾನ್ ಮೂಲಕ ಹಣ ವಸೂಲಿ ಮಾಡುತ್ತಿದ್ದದ್ದೂ ಇದೇ ವ್ಯವಸ್ಥೆ.

ಅಂಗಡಿಗೋ ಗ್ರಂಥಾಲಯಕ್ಕೋ ಹೋಗುವ ದೊಡ್ಡ ಕಟ್ಟುಗಳಿಗೆ ಲಾರಿ ಪಾರ್ಸೆಲ್ ಆಫೀಸುಗಳಿವೆ. 2021ರಲ್ಲಿ ಶುರುವಾದ ಕೆಎಸ್‌ಆರ್‌ಟಿಸಿಯ 'ನಮ್ಮ ಕಾರ್ಗೋ' ಕೂಡ ಇದೆ. ತೊಂದರೆ ಇರೋದು ಒಂದೇ ಪುಸ್ತಕ ತರಿಸುವವರದ್ದು.

ಇಂಜಿನಿಯರಿಂಗ್ ಓದಿದ ಅಭ್ಯಾಸಕ್ಕೆ ನಾನು ಇದನ್ನು ಲೆಕ್ಕವಾಗಿ ನೋಡ್ತೀನಿ. ಬೆಂಗಳೂರಿಂದ ಕಲಬುರಗಿವರೆಗೆ ತುಂಬಿದ ಲಾರಿಯಲ್ಲಿ ಒಂದು ಪುಸ್ತಕದ ಪಾಲಿಗೆ ಬೀಳುವ ಖರ್ಚು ಅಲ್ಪ. ದುಬಾರಿಯಾಗೋದು ತಾಲ್ಲೂಕು ಕೇಂದ್ರದಿಂದ ಮನೆಬಾಗಿಲಿನವರೆಗಿನ ದಾರಿ. ಜಯನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ ಹುಡುಗ ಒಂದೇ ಸುತ್ತಿಗೆ ಹತ್ತು ಪಾರ್ಸೆಲ್ ಕೊಟ್ಟು ಬರ್ತಾನೆ. ಹಳ್ಳಿಗಾದರೆ ಒಂದೇ ಪುಸ್ತಕಕ್ಕೆ ಇಪ್ಪತ್ತು ಕಿಲೋಮೀಟರ್ ಬೈಕ್ ಓಡಿಸಬೇಕು. ಅದಕ್ಕೇ "ನಿಮ್ಮೂರಿಗೆ ಸರ್ವಿಸ್ ಇಲ್ಲ, ಬಂದು ತಗೊಂಡು ಹೋಗಿ" ಅನ್ನೋ ಫೋನು ಬರೋದು.

ತೆರಿಗೆಯದ್ದು ಇನ್ನೊಂದು ವಿಚಿತ್ರ. ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಕೊರಿಯರ್ ಸೇವೆಗೆ ಶೇ 18 ಇದೆ. ಮಾರುವ ವಸ್ತುವಿಗೆ ತೆರಿಗೆಯೇ ಇಲ್ಲದ್ದರಿಂದ, ಕೊರಿಯರ್‌ಗೆ ಕಟ್ಟಿದ ತೆರಿಗೆಯನ್ನು ಪ್ರಕಾಶಕರು ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಪಡೆಯೋಕೂ ಆಗಲ್ಲ. ಕೊನೆಗೆ ಅದು ಬೀಳೋದು ಓದುಗರ ಮೇಲೇ.

ಹಾಗಾಗಿ ಮನೆಬಾಗಿಲಿಗೆ ಬರೋರು ಅಂತ ನಂಬಬಹುದಾದದ್ದು ಅಂಚೆಯವರನ್ನೇ. ದೇಶದ ಸುಮಾರು 1.65 ಲಕ್ಷ ಅಂಚೆ ಕಚೇರಿಗಳಲ್ಲಿ ಹತ್ತಕ್ಕೆ ಒಂಬತ್ತು ಗ್ರಾಮೀಣ ಪ್ರದೇಶದಲ್ಲಿವೆ. ಆದರೆ ಪುಸ್ತಕಗಳಿಗಿದ್ದ ಅಗ್ಗದ ನೋಂದಾಯಿತ ಸೇವೆಯನ್ನು ಅಂಚೆ ಇಲಾಖೆ 2024ರ ಡಿಸೆಂಬರ್‌ನಲ್ಲಿ ನಿಲ್ಲಿಸಿಬಿಟ್ಟಿತು. ಪ್ರಕಾಶಕರ ಆಕ್ಷೇಪದ ನಂತರ 2025ರ ಮೇ 1ರಿಂದ 'ಜ್ಞಾನ್ ಪೋಸ್ಟ್' ಬಂತು. 300 ಗ್ರಾಂವರೆಗೆ 20 ರೂಪಾಯಿ, 5 ಕೆ.ಜಿ.ವರೆಗೆ 100 ರೂಪಾಯಿ, ತೆರಿಗೆ ಬೇರೆ. ರಸ್ತೆ, ರೈಲಿನಲ್ಲಿ ಹೋಗೋದರಿಂದ ನಿಧಾನ, ಆದರೆ ಟ್ರ್ಯಾಕಿಂಗ್ ಇದೆ.

ನನ್ನ ತಕರಾರು ಇಷ್ಟು: ನಡುವಿನ ಆ ನಾಲ್ಕು ತಿಂಗಳು ಹಳ್ಳಿಯ ಓದುಗರನ್ನು ಯಾರೂ ಲೆಕ್ಕಕ್ಕೇ ತಗೊಂಡಿರಲಿಲ್ಲ. ಈಗಲೂ ನಿಯತಕಾಲಿಕೆಗಳು ಈ ಸೇವೆಯ ಹೊರಗೇ ಇವೆ. ಸಣ್ಣ ಸಾಹಿತ್ಯ ಪತ್ರಿಕೆ ನಡೆಸೋರಿಗೆ ಇದು ನೇರ ಪೆಟ್ಟು. ಪುಸ್ತಕ ಆರ್ಡರ್ ಮಾಡುವಾಗ ಜ್ಞಾನ್ ಪೋಸ್ಟ್‌ನಲ್ಲೇ ಕಳಿಸಿ ಅಂತ ಹೇಳಿ ನೋಡಿ. ಪಿನ್‌ಕೋಡ್ ಜೊತೆ ನಿಮ್ಮ ಶಾಖಾ ಅಂಚೆ ಕಚೇರಿಯ ಹೆಸರನ್ನೂ ಬರೆಯಿರಿ.